ಮೈಕ್ ಮೇಷ್ಟ್ರ ಬಾಯಿಗೆ ಬೀಗ

ನಮ್ಮ ಭೂವಿಜ್ಞಾನ ವಿಭಾಗಕ್ಕೆ ಮುಖ್ಯಸ್ಥೆಯಾದ ಮೇಲೂ ಮೇಡಂ ಮಾತಿನ ಹಣೆಬರಹ ಬದಲಾಗಲಿಲ್ಲ. ಸಭೆಯಲ್ಲಿ ಅವರು ಬಾಯಿ ತೆರೆದರೆ ಎಲ್ಲರೂ ಕಿವಿಗೆ ಹತ್ತಿ ಇಟ್ಟುಕೊಂಡವರಂತೆ ಕೂರುತ್ತಿದ್ದರು. ಸ್ವಲ್ಪ ಹೊತ್ತಿಗೆ ಹಿರಿಯ ಪ್ರೊಫೆಸರರೊಬ್ಬರು ಮೇಡಂ ಹೇಳಿದ್ದನ್ನೇ ಗಂಟಲು ಸರಿಮಾಡಿಕೊಂಡು ಹೇಳಿದರೆ, "ಎಂಥ ಐಡಿಯಾ ಸಾರ್!" ಎಂದು ಮೇಜು ತಟ್ಟುತ್ತಿದ್ದರು. ಆ ಪುಣ್ಯಾತ್ಮರಿಗೆ ನಾವು ಹೆಂಗಸರು ಮೈಕ್ ಮೇಷ್ಟ್ರು ಎಂದು ಹೆಸರಿಟ್ಟಿದ್ದೆವು.

ನನಗೆ ಮೈಯೆಲ್ಲ ಉರಿಯುತ್ತಿತ್ತು. ಮೇಡಂ ನಗುತ್ತಿದ್ದರು. ಗುಡ್ಡ ಅಲೆದು ಸುತ್ತಿಗೆಯಿಂದ ಬಂಡೆ ಒಡೆದವರು ಅವರು. ಎಲ್ಲಿ ಹೊಡೆದರೆ ಸೀಳುತ್ತದೆ ಎಂದು ನೋಡಿಯೇ ಹೊಡೆಯುವವರು.

ಒಂದು ದಿನ ಮೇಡಂ, "ಉಗ್ರಾಣದ ಕಲ್ಲುಗಳ ಚೀಟಿ ಎಲ್ಲಾ ಉದುರಿಹೋಗಿದೆ. ಒಂದೊಂದನ್ನೂ ತೊಳೆದು ಹೊಸ ಚೀಟಿ ಅಂಟಿಸ್ಬೇಕು" ಎಂದರು. ಯಾರೂ ತಲೆ ಎತ್ತಲಿಲ್ಲ. ಚಹಾ ಮುಗಿಯುವಷ್ಟರಲ್ಲಿ ಮೈಕ್ ಮೇಷ್ಟ್ರು ಅದನ್ನೇ ಹೇಳಿದರು. ಮೇಜು ತಟ್ಟಿದ್ದೂ ಆಯಿತು.

"ಭಲೇ ಸಾರ್! ನಿಮ್ಮ ಐಡಿಯಾನ ಬೇರೆಯವರ ಕೈಗೆ ಕೊಟ್ರೆ ಕೆಡಿಸಿಬಿಡ್ತಾರೆ. ನೀವೇ ಮಾಡಿಬಿಡಿ" ಎಂದರು ಮೇಡಂ.

ಮೇಷ್ಟ್ರು ರಜೆಯೆಲ್ಲ ಧೂಳು ಕುಡಿಯುತ್ತಾ ಕಲ್ಲು ತೊಳೆದರು.

ಮುಂದಿನ ಸಭೆಯಲ್ಲಿ ಮೇಡಂ, "ಹಳೇ ನಕ್ಷೆಗಳನ್ನೆಲ್ಲ ಕೊಡವಿ ಜೋಡಿಸ್ಬೇಕು" ಎಂದು ಹೇಳಿ ಮೇಷ್ಟ್ರ ಕಡೆ ತಿರುಗಿದರು. "ಸಾರ್, ನೀವೇನೋ ಹೇಳೋಕೆ ಹೊರಟ ಹಾಗಿತ್ತು?"

ಮೇಷ್ಟ್ರು ಎದ್ದೇ ನಿಂತರು. "ಅಯ್ಯೋ, ನಾನೇನೂ ಹೇಳ್ಲಿಲ್ಲ ಮೇಡಂ! ಅದು ನಿಮ್ಮ ಐಡಿಯಾ. ನೀವೇ ಹೇಳಿದ್ದು. ಬೇಕಾದ್ರೆ ಕೇಳಿ, ಎಲ್ಲರೂ ಕೇಳಿಸ್ಕೊಂಡಿದಾರೆ!"

ಹೌದೌದು ಎಂದು ಎಲ್ಲರೂ ತಲೆಯಾಡಿಸಿದರು. ಕಿವಿಯ ಹತ್ತಿ ಅದ್ಯಾವಾಗ ತೆಗೆದಿದ್ದರೋ. ಈ ಸಲ ಮೇಜು ತಟ್ಟಿದವಳು ನಾನು.