ಟೇಪಿನಿಂದ ಬಟ್ಟೆಗೆ ಬರುವಷ್ಟರಲ್ಲಿ

ದರ್ಜಿ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಕೆಲಸ ಅವಳದು. ಎಲ್ಲರ ಬಾಯಲ್ಲೂ ಟೇಪಕ್ಕ. ಗಿರಾಕಿಯ ಹತ್ತು ಅಳತೆ ತೆಗೆದು, ಒಂದಂಕಿಯನ್ನೂ ಬರೆದುಕೊಳ್ಳದೆ, ನೇರ ಮೇಜಿಗೆ ಬಂದು ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದಳು. "ಬರೆದಿಟ್ಕೊಂಡ್ರೆ ನಿನ್ನ ಗಂಟೇನು ಹೋಗತ್ತೆ?" ಎಂದು ಮಾಲೀಕ ರೇಗಿಸಿದರೆ, "ಅಷ್ಟೊತ್ತಿಗೆ ಇನ್ನೆರಡು ತೋಳು ಕತ್ತರಿಸ್ತೀನಿ" ಎನ್ನುತ್ತಿದ್ದಳು.

ಮೂವತ್ತೆರಡು ತುಂಬಿದ ವರ್ಷ ಅವಳಿಗೆ ಧ್ವನಿಗಳು ಕೇಳತೊಡಗಿದವು. ಹೊಲಿಗೆ ಯಂತ್ರ ನಿಂತ ಕೂಡಲೇ ಗೋಡೆಯಾಚೆ ಯಾರೋ ಹಂಗಿಸುತ್ತಿದ್ದರು. ವೈದ್ಯೆ ಸ್ಕಿಜೋಫ್ರೇನಿಯಾ ಎಂದರು. ಅವಳ ಅಣ್ಣನಿಗೂ ಅದೇ ಕಾಯಿಲೆ. ಅವನು ನುಂಗುತ್ತಿದ್ದ ಮಾತ್ರೆಯನ್ನೇ ಇವಳಿಗೂ ಬರೆದುಕೊಟ್ಟರು. ಎರಡು ತಿಂಗಳಲ್ಲಿ ಧ್ವನಿಗಳು ಅಡಗಿದವು. ಅದರ ಜೊತೆಗೇ ಅಳತೆಗಳೂ ಹೋದವು. ಭುಜ ಅಳೆದು ಸೊಂಟಕ್ಕೆ ಬರುವಷ್ಟರಲ್ಲಿ ಭುಜದ ಅಂಕಿ ಮರೆತಿರುತ್ತಿತ್ತು. ಒಂದೇ ವಾರದಲ್ಲಿ ಮೂರು ಕೋಟು ಕೆಟ್ಟವು.

ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವ ಅಣ್ಣನಿಗೆ ಹೀಗೇನೂ ಆಗಿರಲಿಲ್ಲ. ಯಾವ ಪುಸ್ತಕ ಯಾವ ಕಪಾಟಿನಲ್ಲಿದೆ ಎಂದು ಕಣ್ಣುಮುಚ್ಚಿಕೊಂಡು ಹೇಳುತ್ತಿದ್ದ.

"ಮಾತ್ರೆ ಬಿಟ್ಬಿಡ್ಲಾ ಅಣ್ಣ?"

"ನಾನು ಒಂದ್ಸಲ ಬಿಟ್ಟು ಮೂರು ವಾರ ಆಸ್ಪತ್ರೇಲಿ ಬಿದ್ದಿದ್ದೆ, ನೋಡೋಕೆ ಬಂದೋಳು ನೀನೇ. ಬಿಡ್ಬೇಡ. ಹೋಗಿ ಡಾಕ್ಟ್ರನ್ನ ಕೇಳು."

ಬರಿಗೈಯಲ್ಲಿ ಹೋದರೆ ಯಾರೂ ನಂಬುವುದಿಲ್ಲ ಎಂದು ಅವಳಿಗನಿಸಿತು. ಅದಕ್ಕೆ ತಾನೇ ಒಂದು ಪರೀಕ್ಷೆ ಹೂಡಿದಳು: ದಿನಾ ಬೆಳಗ್ಗೆ ಅಣ್ಣ ಹತ್ತು ಅಂಕಿ ಓದಬೇಕು, ಎರಡು ನಿಮಿಷ ಬಿಟ್ಟು ಅವಳು ಹೇಳಬೇಕು. ನಾಲ್ಕು ಸರಿ, ಮೂರು ಸರಿ, ಮತ್ತೆ ನಾಲ್ಕು. ಹೀಗೆ ಲೆಕ್ಕ ಬರೆದ ಆರು ವಾರದ ಹಾಳೆಗಳನ್ನು ವೈದ್ಯೆಯ ಮುಂದಿಟ್ಟಳು.

"ಕಾಯಿಲೆಯಿಂದ್ಲೂ ಮರೆವು ಬರತ್ತೆ" ಎಂದರು ವೈದ್ಯೆ.

"ಇರಬಹುದು ಡಾಕ್ಟ್ರೇ. ಆದ್ರೆ ಧ್ವನಿ ಕೇಳ್ತಿದ್ದಾಗ್ಲೂ ನಾನು ಒಂದು ಕೋಟೂ ಕೆಡಿಸಿರ್ಲಿಲ್ಲ. ಅದೇ ಮಾತ್ರೆ ತಗೊಳ್ಳೋ ಅಣ್ಣಂಗೆ ಯಾಕೆ ಹೀಗಾಗಿಲ್ಲ?"

ವೈದ್ಯೆ ಹಾಳೆಗಳನ್ನು ಒಂದೊಂದಾಗಿ ನೋಡಿದರು. "ಕೆಲವರ ಮೈ ಈ ಔಷಧಿನ ಬೇಗ ಕರಗಿಸಿ ಹೊರಹಾಕತ್ತೆ, ಕೆಲವರದು ನಿಧಾನ. ಅದು ಹುಟ್ಟಿನಿಂದ ಬಂದಿದ್ದು. ಒಂದೇ ತಾಯಿ ಮಕ್ಕಳಲ್ಲೂ ಬೇರೆಬೇರೆ ಇರಬಹುದು. ರಕ್ತ ಪರೀಕ್ಷೆ ಮಾಡಿಸೋಣ."

ಎರಡು ವಾರಕ್ಕೆ ಫಲಿತಾಂಶ ಬಂತು. ಅವಳದು ನಿಧಾನದ ಮೈ. ಎಲ್ಲರಿಗೂ ಕೊಡುವಷ್ಟೇ ಪ್ರಮಾಣ ಅವಳ ರಕ್ತದಲ್ಲಿ ಜಾಸ್ತಿಯಾಗಿ ಉಳಿಯುತ್ತಿತ್ತು.

"ಅಂದ್ರೆ ನಂಗೆ ರೆಡಿಮೇಡ್ ಕೊಟ್ಟಿದ್ರಿ" ಎಂದಳು. ವೈದ್ಯೆ ನಕ್ಕರು. "ಮರೆವಿಗೆ ಇದೊಂದೇ ಕಾರಣ ಅಂತ ಹೇಳೋಕಾಗಲ್ಲ. ಸ್ವಲ್ಪ ಸ್ವಲ್ಪವಾಗಿ ಇಳಿಸಿ ನೋಡೋಣ."

ಇಳಿಸುತ್ತ ಹೋದ ಮೂರನೇ ತಿಂಗಳಲ್ಲಿ ಗೋಡೆಯಾಚೆ ಪಿಸುಮಾತು ಮತ್ತೆ ಕೇಳಿಸಿತು. ಅವಳು ಅಂದೇ ವೈದ್ಯೆಗೆ ಫೋನ್ ಮಾಡಿದಳು. ಪ್ರಮಾಣವನ್ನು ಕೊಂಚ ಏರಿಸಿದ ಮೇಲೆ ಅದು ನಿಂತಿತು. ಅಲ್ಲಿಂದ ಬೆಳಗಿನ ಲೆಕ್ಕ ಏಳು, ಕೆಲವು ದಿನ ಎಂಟು. ಹತ್ತು ಮಾತ್ರ ಮತ್ತೆ ಬರಲಿಲ್ಲ. ಅದು ಖಚಿತವಾದ ದಿನ ಅಡುಗೆಮನೆಯಲ್ಲಿ ಕುಳಿತು ಮನಸಾರೆ ಅತ್ತಳು. ಮರುದಿನ ಅಳತೆ ಬರೆದುಕೊಳ್ಳಲು ಸೊಂಟಕ್ಕೆ ಒಂದು ಪುಟ್ಟ ಪುಸ್ತಕ ಸಿಕ್ಕಿಸಿಕೊಂಡು ಅಂಗಡಿಗೆ ಹೋದಳು.

ಕೆಲವು ತಿಂಗಳ ನಂತರ ಒಂದು ವಾದ್ಯಮೇಳದವರು ನಲವತ್ತು ಕೋಟು ಬೇಕೆಂದು ಬಂದರು. ಮಾಲೀಕ ಅವಳ ಮುಖ ನೋಡಿದ. "ಆಗತ್ತಾ?"

"ಆಗತ್ತೆ. ನೀವು ಅವಸರ ಮಾಡ್ಬೇಡಿ."

ಹೇಳಿದ ದಿನಕ್ಕೆ ನಲವತ್ತೂ ಮುಗಿದವು. ಎರಡು ಕೋಟಿನ ತೋಳು ಉದ್ದವಾಗಿ ವಾಪಸ್ ಬಂದವು. ಅವನ್ನು ಅವಳೇ ಬಿಚ್ಚಿ ಸರಿಮಾಡಿ, ಒಂದನ್ನು ಕಹಳೆ ಊದುವವನಿಗೆ ತೊಡಿಸಿ, ಕೈ ಎತ್ತಿ ಇಳಿಸಲು ಹೇಳಿ ಪರೀಕ್ಷಿಸಿದಳು.