ಅವ್ವನ ಹೊಗೆ ಗುಡಾಣ

ನಮ್ಮ ಮನೆತನದಲ್ಲಿ ಬಿ.ಎ. ಮಾಡಿದ ಮೊದಲಿಗ ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಬಳ್ಳಾರಿಯಲ್ಲಿ ಮೂರು ವರ್ಷ ಎರಡೇ ಅಂಗಿಯಲ್ಲಿ ಓದಿದ್ದೇನೆ. ಪದವಿಯ ಕಾಗದ ಹಿಡಿದು ಸಿರುಗುಪ್ಪಕ್ಕೆ ಬಂದಾಗ ಅವ್ವ ಸತ್ತು ವರ್ಷವಾಗಿತ್ತು. ಅಪ್ಪ ಊಟ ಬಿಟ್ಟು ಹಾಸಿಗೆ ಹಿಡಿದಿದ್ದ. ಗಂಜಿ ಕೊಟ್ಟರೂ ಮುಖ ತಿರುವುತ್ತಿದ್ದ.

"ನಿಮ್ಮವ್ವ ಹೊಗಿಯಾಗ ಬೇಯಿಸ್ತಿದ್ಲಲ್ಲ, ಅಂಥ ಮೀನು ಸಿಕ್ರ ಒಂದು ತುತ್ತು ತಿಂದೇನು," ಎಂದ ಒಂದು ದಿನ. ಅವನು ತಾನಾಗಿ ಏನನ್ನಾದರೂ ಕೇಳಿ ತಿಂಗಳಾಗಿತ್ತು. ಅದನ್ನು ತಿಂದರೆ ಊಟ ಮತ್ತೆ ಹಿಡಿದೀತು, ಅಪ್ಪ ಉಳಿದಾನು ಎಂದುಕೊಂಡೆ.

ತಳ ಒಡೆದ ಮಣ್ಣಿನ ಗುಡಾಣ ಹಿತ್ತಲಲ್ಲಿ ಇನ್ನೂ ಇತ್ತು. ಅವ್ವ ಅದನ್ನು ಕೆಂಡದ ಗುಂಡಿಯ ಮೇಲೆ ಕೂರಿಸಿ, ಒಳಗೆ ಬಿದಿರುಕಡ್ಡಿಗೆ ಮೀನು ಪೋಣಿಸಿ, ಬಾಯಿಗೆ ಒದ್ದೆ ಗೋಣಿ ಮುಚ್ಚುತ್ತಿದ್ದಳು. ನನಗೆ ಗೊತ್ತಿದ್ದದ್ದು ಅಷ್ಟೇ. ಹತ್ತಿರ ಹೋದರೆ, "ಹೊಗಿ ಬಡಿತೈತಿ, ಹೋಗಲೇ, ಓದೋ ಕಣ್ಣು ಅವು," ಎಂದು ಓಡಿಸುತ್ತಿದ್ದಳು.

ರಾರಾವಿ ಕಡೆಯ ಹೊಳೆಯಿಂದ ಮೂರು ತರದ ಮೀನು ತಂದೆ: ದಪ್ಪನೆಯ ಕೊರಮೀನು, ಕೊಬ್ಬಿದ ಬಾಳೆಮೀನು, ಅಂಗೈಯಗಲದ ಗೆಂಡೆ. ಉಪ್ಪು, ಅರಿಶಿನ ಸವರಿ ಎಲ್ಲವನ್ನೂ ಒಂದೇ ಎತ್ತರಕ್ಕೆ ಕಟ್ಟಿದೆ. ಜಾಲಿ ಕೆಂಡದ ಮೇಲೆ ಭತ್ತದ ಹೊಟ್ಟು ಸುರಿದೆ. ಸುಟ್ಟುಹೋದೀತೆಂಬ ಭಯಕ್ಕೆ ಉರಿ ಏಳಲು ಬಿಡಲಿಲ್ಲ.

ಪಕ್ಕದ ಮನೆಯ ದೊಡ್ಡವ್ವ ಗೋಡೆಯ ಮೇಲಿಂದ ಇಣುಕಿದಳು. "ಬಿ.ಎ. ಹೊಗಿ ಭಾಳ ಜೋರೈತಲ್ಲೋ! ಬೆಂಕಿ ಎಲ್ಲೈತಿ?"

"ಕೆಂಡ ಐತಿ ದೊಡ್ಡವ್ವ."

"ನಿಮ್ಮವ್ವ ಕಡೀಕ ಉರಿ ಹಚ್ತಿದ್ಲಪ್ಪ. ಗುಡಾಣದ ಮ್ಯಾಲೆ ಕೈ ಇಟ್ರ ಚುರ್ ಅನ್ನಬೇಕು."

"ಗೊತ್ತೈತಿ ಬಿಡು," ಎಂದೆ. ಗೊತ್ತಿರಲಿಲ್ಲ.

ಸಂಜೆ ಗೋಣಿ ತೆಗೆದರೆ ಮೂರೂ ಬಂಗಾರದ ಬಣ್ಣಕ್ಕೆ ತಿರುಗಿದ್ದವು, ಥೇಟ್ ಅವ್ವನ ಮೀನೇ. ವಾಸನೆಗೆ ಅಪ್ಪ ಎದ್ದು ಕುಳಿತ. ಕೊರಮೀನನ್ನೇ ಎತ್ತಿಕೊಂಡು ಮುರಿದ. ಮುಳ್ಳಿನ ಬುಡದಲ್ಲಿ ಹಸಿ ನೆತ್ತರು. ಬಾಳೆಮೀನೂ ಹಾಗೇ. ಗೆಂಡೆಯೊಂದು ಬೆಂದಿತ್ತು, ಆದರೆ ಒಣಗಿ ತೊಗಟೆಯಾಗಿತ್ತು. ಅದರ ಚೂರನ್ನು ಬಾಯಿಗಿಟ್ಟುಕೊಂಡು ಬಹಳ ಹೊತ್ತು ಜಗಿದ. ನುಂಗಲಾಗದೆ ಅಂಗೈಗೆ ಉಗುಳಿ, ನನಗೆ ಕಾಣಬಾರದೆಂದು ಮುಷ್ಟಿ ಮಡಚಿದ.

"ಚಲೋ ಐತಿ."

"ನಾಳಿ ಮತ್ತ ಮಾಡ್ತೀನಪ್ಪ. ಉರಿ ಹಚ್ಚಿ ಮಾಡ್ತೀನಿ."

"ಬ್ಯಾಡ ಬಿಡು. ಕಣ್ಣು ಕೆಂಪಗಾಗ್ಯಾವ. ಆಕಿ ಇದ್ದಿದ್ರ ಬೈತಿದ್ಲು."

ಮರುದಿನ ಬೇರೆ ಮೀನು ತಂದು, ದೊಡ್ಡವ್ವನನ್ನೇ ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. ಕೊರಮೀನು ಕೆಳಕ್ಕೆ, ಗೆಂಡೆ ಮೇಲಕ್ಕೆ, ಕೊನೆಗೆ ಉರಿ. ಗುಡಾಣಕ್ಕೆ ಕೈ ಇಟ್ಟರೆ ಚುರ್ ಎಂದಿತು. ಮುಳ್ಳಿನವರೆಗೂ ಬೆಂದಿತ್ತು. ದೊಡ್ಡವ್ವ ಚೂರು ತಿಂದು, "ನಿಮ್ಮವ್ವ ಮಾಡಿದಂಗ ಐತಲ್ಲೋ," ಎಂದಳು.

ಅಪ್ಪ ಗೋಡೆ ಕಡೆ ಹೊರಳಿ ಮಲಗಿದ್ದ. ತುಟಿಯ ಹತ್ತಿರ ಹಿಡಿದರೂ ಬಾಯಿ ತೆರೆಯಲಿಲ್ಲ. ಅದಾದ ಮೂರನೆಯ ದಿನ ತೀರಿಹೋದ. ಗುಡಾಣದಲ್ಲಿ ಕಟ್ಟಿದ್ದ ಮೀನು ಆಗಲೂ ಕೆಟ್ಟಿರಲಿಲ್ಲ.