ವೀರಭದ್ರಪ್ಪನವರ ಪೂರ್ವಪಕ್ಷ

ಮನಸ್ಸು ಇನ್ನೂ ಒಪ್ಪುತ್ತಿಲ್ಲ...

ಬೆಳಿಗ್ಗೆ ಪೂಜೆ ಮುಗಿಸಿ, ಆನವಟ್ಟಿಯ ಬಸ್ಸಿಗೆಂದು ಹೊಸ್ತಿಲು ದಾಟುವಾಗ ಫೋನ್ ಬಂತು.
ಗೆಳೆಯರು, ಆನವಟ್ಟಿಯ ಬಟ್ಟೆ ವ್ಯಾಪಾರಿ ವೀರಭದ್ರಪ್ಪನವರು ಶಿವನ ಪಾದ ಸೇರಿದರಂತೆ...

ಅದೇ ಬಸ್ಸು ಹತ್ತಿದೆ.
ಪ್ರತಿ ಭಾನುವಾರ ವಾದಕ್ಕೆ ಹೋಗುತ್ತಿದ್ದವನು, ಇಂದು ಮಣ್ಣಿಗೆ ಹೋದೆ.

ಟೆನಿಸ್ ಆಟಗಾರರಲ್ಲಿ ಸಾರ್ವಕಾಲಿಕ ಶ್ರೇಷ್ಠ ಯಾರು?
ಇದೇ ನಮ್ಮ ವಾದ.
ನನ್ನ ಪಕ್ಷ, ಒಂಟಿಗೈಯಲ್ಲಿ ಬ್ಯಾಕ್‌ಹ್ಯಾಂಡ್ ಬೀಸುವ, ಬೆವರೇ ಕಾಣಿಸದ ಆಟಗಾರ.
ಅವರ ಪಕ್ಷ, ಎಡಗೈಯಲ್ಲಿ ಆಡುವವನು.

ಶಿಕಾರಿಪುರದ ಕಾಲೇಜಿನಲ್ಲಿ ಓದುವಾಗ ವಾಲಿಬಾಲ್ ನೆಟ್ಟನ್ನು ಸೊಂಟದವರೆಗೆ ಇಳಿಸಿ, ಸುಣ್ಣದ ಗೆರೆ ಎಳೆದು ಆಡಿದವರು ನಾವು.
ರಾಕೆಟ್ಟಿನ ತಂತಿ ಹರಿದರೆ ಅವರು ಗೋಣಿಚೀಲ ಹೊಲಿಯುವ ದಾರದಿಂದ ಬಿಗಿಯುತ್ತಿದ್ದರು.
ಚೆಂಡು ತಾಗಿದಾಗ ಧೊಪ್ಪೆಂಬ ಸದ್ದು... ಈಗಲೂ ಕಿವಿಯಲ್ಲಿದೆ.

ಮುಂದೆ ನಾನು ಮೇಷ್ಟ್ರಾದೆ, ಅವರು ಅಂಗಡಿ ಹಿಡಿದರು.
ಅಂಗಡಿಗೆ ಟೀವಿ ಬಂತು, ಅದರೊಂದಿಗೆ ವಾದವೂ ಬಂತು.

ವಾದಕ್ಕೊಂದು ನಿಯಮ ತಂದವನು ನಾನು, ಶಾಸ್ತ್ರ ಓದಿದ ಅಭ್ಯಾಸಬಲ.
ಮೊದಲು ಪೂರ್ವಪಕ್ಷ. ಎಂದರೆ, ಎದುರಾಳಿಯ ಮಾತನ್ನು ಅವನೇ ಮೆಚ್ಚುವಂತೆ ನಾವು ಹೇಳಬೇಕು.
ಅವನು "ಹೌದು" ಎಂದ ಮೇಲಷ್ಟೇ ನಮ್ಮ ಉತ್ತರ.
ವ್ಯಾಪಾರಿಯಾದ ಅವರು ಈ ನಿಯಮವನ್ನು ನನಗಿಂತ ನಿಷ್ಠೆಯಿಂದ ಪಾಲಿಸಿದರು.

ಒಮ್ಮೆ ಅವರ ಅಳಿಯ ಮೊಬೈಲ್ ಹಿಡಿದು, ಗೆದ್ದ ಕಪ್‌ಗಳನ್ನು ಎಣಿಸಿದರೆ ಮೂರನೆಯವನೊಬ್ಬ ಶ್ರೇಷ್ಠನೆಂದು ತೀರ್ಪು ಕೊಟ್ಟರು.
"ಕಪ್ ಎಣ್ಸೋದಾದ್ರೆ ಪಾತ್ರೆ ಅಂಗ್ಡಿಯವ್ರೇ ದೊಡ್ಡೋರು ಬಿಡ್ರಿ ಅಳಿಯಂದ್ರೇ," ಎಂದರು ಮಾವ.

ವೀರಭದ್ರಪ್ಪನವರೇ...
ಕಳೆದ ಭಾನುವಾರ ನಾನು ತಪ್ಪಿದೆ.
ಬಸ್ಸಿನ ಅವಸರದಲ್ಲಿ ನಿಮ್ಮವನನ್ನು "ಬಲಶಾಲಿ, ಹಟವಾದಿ" ಎಂದು ಎರಡೇ ಮಾತಿನಲ್ಲಿ ಮುಗಿಸಿದೆ.
ನೀವು ತಲೆಯಾಡಿಸಲಿಲ್ಲ.
"ಅರ್ಧ ಹೇಳಿದ್ರಿ ಮೇಷ್ಟ್ರೇ. ಉಳಿದರ್ಧ ಬರೋ ಭಾನ್ವಾರ ಹೇಳ್ರಿ. ಆಮೇಲೆ ನಿಮ್ಮವ್ನ ಸುದ್ದಿ," ಎಂದಿರಿ.

ಇಂದು ನಿಮ್ಮ ಮನೆಯವರು ಗಂಗಮ್ಮನವರು ಬಾಗಿಲಲ್ಲೇ ಹೇಳಿದರು...
"ಮೇಷ್ಟ್ರು ನಾಳೆ ಪೂರ್ತಿ ಹೇಳ್ತಾರೆ ಅಂತ ನಿನ್ನೇನೇ ಅಂಗಿ ಇಸ್ತ್ರಿ ಮಾಡಿಸಿಟ್ಕಂಡಿದ್ರು ನೋಡ್ರಿ."
ಆ ಅಂಗಿಯಲ್ಲೇ, ವಿಭೂತಿ ಹಚ್ಚಿ, ನಿಮ್ಮನ್ನು ಕೂರಿಸಿದ್ದರು.
ನಾನು ಎದುರು ಕುಳಿತೆ. ಕೈಮುಗಿದು ಎದ್ದು ಬಂದೆ...

ಆ ಉಳಿದರ್ಧವನ್ನು ಈಗ ಹೇಳುತ್ತೇನೆ, ಎಲ್ಲರೂ ಓದುವಂತೆ.

ನಿಮ್ಮ ಎಡಗೈಯವನು ಚೆಲುವಿನಲ್ಲೂ ಕಡಿಮೆಯವನಲ್ಲ.
ಚೆಂಡು ಗೆರೆಯ ಒಳಗೋ ಹೊರಗೋ ಎಂದು ಅವನು ನಿಂತು ನೋಡಿದವನಲ್ಲ. ಮೊಣಕಾಲು ನೋಯುತ್ತಿದ್ದರೂ, ಕೈಗೆಟುಕದ ಚೆಂಡಿಗೂ ಓಡಿದ.
ಆ ಓಟವೇ ಅವನ ಚೆಲುವು.
ಸೋತ ದಿನ ಕಾಲಿನ ನೆಪ ಹೇಳಲಿಲ್ಲ.
ನನ್ನವನಿಗೆ ಆಟ ತಾನಾಗಿ ಒಲಿಯಿತು. ನಿಮ್ಮವನು ಅದನ್ನು ದಿನದಿನವೂ ದುಡಿದು ಒಲಿಸಿಕೊಂಡ.
ಹರಿದ ರಾಕೆಟ್ಟಿಗೆ ಗೋಣಿದಾರ ಬಿಗಿದು ಮತ್ತೆ ಆಟಕ್ಕಿಳಿಯುತ್ತಿದ್ದ ನಿಮಗೆ, ಅವನಲ್ಲದೆ ಇನ್ನಾರು ಶ್ರೇಷ್ಠನಾದಾನು...

ಪೂರ್ವಪಕ್ಷ ಇಷ್ಟು.
ಉತ್ತರ ನನ್ನಲ್ಲಿದೆ.
ಆದರೆ ನಿಮ್ಮ "ಹೌದು" ಕೇಳದೆ ಅದನ್ನು ಆಡುವಂತಿಲ್ಲ, ನಿಯಮ ನನ್ನದೇ...

ಹೋಗಿ ಬನ್ನಿ ಗೆಳೆಯರೇ.
ಓಡಿ ದಣಿದ ನಿಮ್ಮ ಜೀವಕ್ಕೆ ಶಿವನು ತನ್ನ ಸನ್ನಿಧಿಯಲ್ಲಿ ತಂಪನ್ನೀಯಲಿ.